‘ಕೊನೆಯದಾಗಿ’ ಮೂರ್ತಿ

ಮೈಕಿನ ಮುಂದೆ ನಿಂತಾಗ ಮನುಷ್ಯ ಸ್ವಲ್ಪ ಉಬ್ಬುವುದು ಸಹಜ. ಅಜ್ಜಂಪುರದ ಶ್ರೀನಿವಾಸಮೂರ್ತಿ ಮಾತ್ರ ಮೈಕು ಇಲ್ಲದಾಗಲೂ ಉಬ್ಬಿಕೊಂಡೇ ಇರುತ್ತಾನೆ. ತಾಲ್ಲೂಕು ಕಚೇರಿಯ ಎದುರಿಗೆ ಅವನದೊಂದು ಜೆರಾಕ್ಸ್ ಅಂಗಡಿ. ಯಾರಾದರೂ ಪಹಣಿ ಚಾಚಿ “ಎರಡು ಕಾಪಿ ಸಾರ್” ಎಂದರೆ, “ಅವಶ್ಯವಾಗಿ. ತಮ್ಮ ಅಮೂಲ್ಯ ದಾಖಲೆಯ ಎರಡು ಪ್ರತಿಗಳನ್ನು ಇದೀಗ ತಮ್ಮ ಕರಕಮಲಗಳಿಗೆ ಅರ್ಪಿಸಲಾಗುವುದು” ಎನ್ನುತ್ತಾನೆ. ಹಳ್ಳಿಯಿಂದ ಬಂದ ಗಿರಾಕಿ ಗಾಬರಿಯಾಗುತ್ತಾನೆ. “ಅರ್ಪಣೆಯೆಲ್ಲಾ ಬ್ಯಾಡಿ ಸಾರ್, ಬರೀ ಜೆರಾಕ್ಸ್ ಮಾಡ್ಕೊಡಿ ಸಾಕು.”

ಹುಟ್ಟಿದ್ದು ಕಡೂರು ತಾಲ್ಲೂಕಿನ ಸಿಂಗಟಗೆರೆಯಲ್ಲಿ. ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ನಿರೂಪಣೆ ಮಾಡಬೇಕಿದ್ದ ಮೇಷ್ಟರಿಗೆ ಗಂಟಲು ಕಟ್ಟಿತು. ಮೂರ್ತಿಯನ್ನು ನಿಲ್ಲಿಸಿದರು. ಮೇಷ್ಟರ ಗಂಟಲು ಮರುದಿನವೇ ಸರಿಹೋಯಿತು. ಮೂರ್ತಿಯದು ಇವತ್ತಿಗೂ ಸರಿಹೋಗಿಲ್ಲ. ಅಂದಿನಿಂದ ಕಡೂರಿನ ಕಲ್ಯಾಣಮಂಟಪದ ಆರತಕ್ಷತೆಯಿರಲಿ, ತರೀಕೆರೆಯ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಇರಲಿ, ಅಜ್ಜಂಪುರದ ಮಹಿಳಾ ಸಂಘದ ರಂಗೋಲಿ ಸ್ಪರ್ಧೆಯಿರಲಿ, ಮೈಕು ಎಲ್ಲಿದೆಯೋ ಅಲ್ಲಿ ಮೂರ್ತಿ. ರಂಗೋಲಿ ಸ್ಪರ್ಧೆಗೆ ನಿರೂಪಣೆ ಯಾಕೆ ಬೇಕು ಎಂದು ಒಬ್ಬಾಕೆ ಕೇಳಿಯೂ ಬಿಟ್ಟಳು. “ಚುಕ್ಕಿಗಳಿಗೂ ಮಾತಿದೆ ತಾಯಿ” ಎಂದವನೇ, ಮಧ್ಯಾಹ್ನದವರೆಗೆ ಚುಕ್ಕಿಗಳ ಪರವಾಗಿ ತಾನೇ ಮಾತಾಡಿದ.

ಅವನ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿಗಿಂತ ದಪ್ಪಕ್ಷರದಲ್ಲಿ ‘ನಿರೂಪಣಾ ರತ್ನ’ ಎಂದಿದೆ. ಬಿರುದು ಕೊಟ್ಟದ್ದು ತರೀಕೆರೆಯ ಒಂದು ಗೆಳೆಯರ ಬಳಗ. ಬಳಗದ ಅಧ್ಯಕ್ಷ ಮೂರ್ತಿ. ಬಿರುದು ಪ್ರದಾನದ ದಿನ ನಿರೂಪಕನೂ ಅವನೇ ಆಗಿದ್ದರಿಂದ, “ಈಗ ನಾಡು ಕಂಡ ಅಪರೂಪದ ಮಾತುಗಾರರೊಬ್ಬರನ್ನು ವೇದಿಕೆಗೆ ಬರಮಾಡಿಕೊಳ್ಳೋಣ” ಎಂದು ಕರೆದು, ಮೈಕು ಬಿಟ್ಟು ಕೆಳಗಿಳಿದು, ಬಹಳ ಸಂಕೋಚಪಡುತ್ತಾ ಮೆಟ್ಟಿಲು ಹತ್ತಿ ಮೇಲೆ ಬಂದ.

ಜನ ಕರೆಯುವುದು ಮಾತ್ರ ‘ಕೊನೆಯದಾಗಿ ಮೂರ್ತಿ’ ಎಂದು. ಭಾಷಣ ಮಾಡುವ ಎಲ್ಲರೂ ಮುಗಿಸುವ ಮುಂಚೆ ‘ಕೊನೆಯದಾಗಿ’ ಎನ್ನುತ್ತಾರೆ, ಒಂದೆರಡು ಮಾತು ಹೇಳಿ ಕೂರುತ್ತಾರೆ. ಮೂರ್ತಿಯ ಬಾಯಲ್ಲಿ ಅದು ಲಾರಿ ಗೇರು ಬದಲಿಸುವ ಶಬ್ದ. ಗಾಡಿ ನಿಲ್ಲುತ್ತಿಲ್ಲ, ಈಗಷ್ಟೇ ಏರು ಹತ್ತುತ್ತಿದೆ ಎಂದು ತಿಳಿಯಬೇಕು. ಮೊದಲನೆಯ ‘ಕೊನೆಯದಾಗಿ’ ಬಿದ್ದ ಕೂಡಲೇ ಕಡೂರಿನ ಸಭಿಕರು ಎದ್ದು ಕಾಫಿಗೆ ಹೋಗುತ್ತಾರೆ. ತರೀಕೆರೆಯವರು ಮನೆಗೆ ಹೋಗಿ ಊಟ ಮುಗಿಸಿಕೊಂಡು ಬರುತ್ತಾರೆ. ಅಜ್ಜಂಪುರದವರು ಮನೆಯಿಂದ ಹೊರಡುವುದೇ ಇಲ್ಲ, ಅಲ್ಲಿಗೇ ಕೇಳಿಸುತ್ತದೆ.

ತಾಳಲಾರದೆ ಯಾರಾದರೂ, ಸಾಕು ಇಳಿಯಪ್ಪಾ ಎಂಬ ಅರ್ಥದಲ್ಲಿ ಚಪ್ಪಾಳೆ ತಟ್ಟಿದರೆ ಅನಾಹುತವೇ ಸರಿ. ಮೂರ್ತಿ ಕಣ್ಣು ಮುಚ್ಚುತ್ತಾನೆ, ಎದೆಗೆ ಕೈಯಿಡುತ್ತಾನೆ, “ತಮ್ಮ ಈ ಅಭಿಮಾನಕ್ಕೆ ಶರಣು. ಕೊನೆಯದಾಗಿ...” ಎಂದು ಇನ್ನೊಂದು ಗೇರು ಹಾಕುತ್ತಾನೆ. ಹೀಗಾಗಿ ಮೂರು ಊರಿನಲ್ಲೂ ಅವನಿಗೆ ಚಪ್ಪಾಳೆ ತಟ್ಟುವುದನ್ನು ಜನ ನಿಲ್ಲಿಸಿದ್ದಾರೆ. ಅದನ್ನು ಅವನು ಸಭೆಯ ಶಿಸ್ತು ಎಂದು ತಿಳಿದಿದ್ದಾನೆ.

ಇದಕ್ಕೆಲ್ಲ ಪ್ರತ್ಯಕ್ಷ ಸಾಕ್ಷಿ ತರೀಕೆರೆಯ ಮುನೀರ್ ಪಾಷಾ. ಸೌಂಡ್ ಸಿಸ್ಟಮ್ಮೂ ಅದನ್ನು ಹೊರುವ ವ್ಯಾನೂ ಅವನದು. ಮೂರ್ತಿ ಮಾತಿನ ನಡುವೆ ಆಗಾಗ ಅವನತ್ತ ತಿರುಗುತ್ತಾನೆ.

“ಪಾಷಾ, ಕಡೇ ಸಾಲಿಗೆ ಕೇಳಿಸ್ತಾ ಇದೆಯಾ?”

“ಕಡೇ ಸಾಲಲ್ಲಿ ಯಾರೂ ಇಲ್ಲ ಸಾರ್. ಎದ್ದೋದ್ರು.”

“ಹಂಗಾದ್ರೆ ಇನ್ನೊಂಚೂರು ಜಾಸ್ತಿ ಮಾಡು. ಹೊರಗೆ ನಿಂತಿರೋರಿಗೆ ಪಾಪ ತಪ್ಪೋಗುತ್ತೆ.”

ಇಂಥವನ ಜೊತೆ ಹೆಂಡತಿ ಶಾರದಾಂಬಾ ಹೇಗೆ ಬಾಳಿದಳು ಎಂದು ಕನಿಕರಪಡುವವರಿದ್ದಾರೆ. ಆಕೆಗೆ ಅದರ ಅಗತ್ಯವಿಲ್ಲ. ಆಕೆ ಕೇಳಿಸಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. “ಅನ್ನ ಬಡಿಸ್ಲಾ?” ಎಂಬ ಪ್ರಶ್ನೆಗೆ ಅವನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಆಕೆಯ ಊಟವಾಗಿ, ಪಾತ್ರೆಯೂ ತೊಳೆದಿರುತ್ತದೆ.

ಪೆಟ್ಟು ಬಿದ್ದದ್ದು ಮಗಳಿಗೆ. ಶರ್ವಾಣಿ ಚಿಕ್ಕಂದಿನಿಂದ ಭರತನಾಟ್ಯ ಕಲಿತವಳು. ಎಂ.ಕಾಂ. ಓದುತ್ತಿರುವ ಈಗಲೂ ಭಾನುವಾರ ಬೆಳಿಗ್ಗೆ ರೈಲು ಹತ್ತಿ ಕಡೂರಿನ ನಿಶ್ಚಿತಾ ಮಿಸ್ ಹತ್ತಿರ ಪಾಠಕ್ಕೆ ಹೋಗುತ್ತಾಳೆ. ಎರಡು ವರ್ಷ ಬೆವರು ಹರಿಸಿ ಒಂದು ದೊಡ್ಡ ವರ್ಣ ಕಲಿತಿದ್ದಾಳೆ. ಭರತನಾಟ್ಯದಲ್ಲಿ ಪುಷ್ಪಾಂಜಲಿ ಮುಂತಾದವೆಲ್ಲ ಎಲೆಯ ತುದಿಗೆ ಬಡಿಸುವ ಉಪ್ಪಿನಕಾಯಿ, ಕೋಸಂಬರಿ. ವರ್ಣವೇ ಊಟ. ಆ ಊಟವನ್ನು ಶರ್ವಾಣಿ ಜನರ ಎದುರಿಗೆ ಒಂದು ಸಲವೂ ಪೂರ್ತಿ ಬಡಿಸಿರಲಿಲ್ಲ. ಕಡೂರಿನಲ್ಲಿ ಅವಳ ಪುಷ್ಪಾಂಜಲಿ ಮುಗಿಯುವ ಹೊತ್ತಿಗೆ ಮಂಟಪದವರು ಮರುದಿನದ ಮದುವೆಗೆ ಕುರ್ಚಿ ಎಳೆಯತೊಡಗಿದರು. ತರೀಕೆರೆಯಲ್ಲಿ ವರ್ಣ ಅರ್ಧಕ್ಕೆ ಬಂದಾಗ ಆರ್ಕೆಸ್ಟ್ರಾದವರು ಅವಳ ಬೆನ್ನ ಹಿಂದೆಯೇ ಡ್ರಮ್ಮು ಜೋಡಿಸಿದರು. ಅಜ್ಜಂಪುರದಲ್ಲಿ ವರ್ಣ ಶುರುವಾಗುವ ಮೊದಲೇ ಮುಖ್ಯ ಅತಿಥಿ ಎದ್ದರು, ಅವರ ಹಿಂದೆ ಅವರ ಕಡೆಯವರು, ಅವರ ಹಿಂದೆ ಊರೇ ಎದ್ದಿತು. ಎಲ್ಲ ಕಡೆಯೂ ಅವಳ ಹೊತ್ತನ್ನು ನುಂಗಿದ್ದು ಒಂದೇ ಬಾಯಿ. ಆ ಬಾಯಿ ಅದನ್ನು ‘ಕಲಾವಿದೆಯ ಕಿರುಪರಿಚಯ’ ಎಂದು ಕರೆಯುತ್ತದೆ.

ಈ ಸಲ ಲಕ್ಕವಳ್ಳಿಯ ಆಚೆ ಗುಡ್ಡದ ಮಗ್ಗುಲಿನ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಸಂಗೀತ ನೃತ್ಯೋತ್ಸವ ನಡೆಯಲಿದೆ ಎಂದು ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಪೋಸ್ಟರ್ ಬಿತ್ತು. ಮೊದಲನೆಯ ಸಂಜೆ ಸುತ್ತಮುತ್ತಲ ತಾಲ್ಲೂಕುಗಳ ಕಲಾವಿದರದು. ಅವರಲ್ಲಿ ಒಬ್ಬರನ್ನು ಆರಿಸಿ ಸಮಾರೋಪದ ಸಂಜೆ ಹೊರಗಿನ ದೊಡ್ಡ ಕಲಾವಿದರ ಜೊತೆ ಕುಣಿಸುತ್ತಾರೆ. ಒಬ್ಬೊಬ್ಬರಿಗೆ ಅರ್ಧ ಗಂಟೆ, ಪರಿಚಯವೂ ಸೇರಿ. ಅರ್ಧ ಗಂಟೆ ಮುಗಿದರೆ ಕಾಲು ಗಾಳಿಯಲ್ಲಿದ್ದರೂ ಪರದೆ ಬೀಳುತ್ತದೆ. ‘ಪರಿಚಯದ ಮಾತನ್ನು ಆಯಾ ತಂಡದವರೇ ಆಡತಕ್ಕದ್ದು’ ಎಂದೂ ಹೇಳಿದ್ದರು. ಈ ವಾಕ್ಯ ತನಗಾಗಿಯೇ ಬರೆದದ್ದು ಎಂದು ಮೂರ್ತಿ ತೀರ್ಮಾನಿಸಿದ.

ವರ್ಣವನ್ನು ಎಷ್ಟು ಚಿಕ್ಕದು ಮಾಡಿದರೂ ಇಪ್ಪತ್ತು ಇಪ್ಪತ್ತೈದು ನಿಮಿಷ ಅದಕ್ಕೇ ಬೇಕು ಎಂದು ನಿಶ್ಚಿತಾ ಮಿಸ್ ಹೇಳಿದರು. “ನಿಮ್ಮಪ್ಪನಿಗೆ ಒಂದು ನಮಸ್ಕಾರ ಹೇಳೋಷ್ಟು ಟೈಮ್ ಇದೆ ಶರ್ವಾಣಿ. ತಿರುಗಿ ನಮಸ್ಕಾರ ಹೇಳಿಸ್ಕೊಳ್ಳೋಷ್ಟು ಇಲ್ಲ.”

ಶರ್ವಾಣಿ ಮನೆಗೆ ಬಂದು ಅಪ್ಪನನ್ನು ಹಿಡಿದಳು.

“ಅಪ್ಪಾ, ಈ ಸಲ ಪರಿಚಯ ನಾನೇ ಮಾಡ್ಕೋತೀನಿ. ಎರಡೇ ಸಾಲು.”

“ತನ್ನ ಪರಿಚಯ ತಾನೇ ಮಾಡ್ಕೊಳ್ಳೋದು ಅಹಂಕಾರ ಕಣಮ್ಮ. ನೋಡಿದೋರು ಏನಂತಾರೆ?” ಎಂದ, ತನ್ನನ್ನು ತಾನೇ ವೇದಿಕೆಗೆ ಬರಮಾಡಿಕೊಂಡಿದ್ದ ಆ ಮಹಾಶಯ.

“ಹಂಗಾದ್ರೆ ಚಿಕ್ಕದಾಗಿ ಮುಗಿಸ್ತೀರಾ?”

“ನಾನು ಯಾವತ್ತಾದ್ರೂ ಉದ್ದ ಮಾಡಿದೀನೇನಮ್ಮಾ?”

ಅಡಿಗೆಮನೆಯಿಂದ “ಅಯ್ಯೋ ದೇವ್ರೇ” ಎಂದು ಕೇಳಿಸಿತು.

“ಏನಂದೆ ಶಾರದಾ?”

“ದೇವ್ರ ದೀಪ ಹಚ್ಬೇಕು ಅಂದೆ.”

“ಅಪ್ಪಾ, ನಂಗೆ ಈ ವರ್ಣ ಒಂದ್ಸಲನಾದ್ರೂ ಪೂರ್ತಿ ಮಾಡ್ಬೇಕು. ಒಂದೇ ಒಂದ್ಸಲ.” ಶರ್ವಾಣಿ ಅಪ್ಪನ ಎದುರಿಗೇ ಬಂದು ನಿಂತಳು. “ಈ ಸಲನೂ ಅರ್ಧಕ್ಕೆ ನಿಂತ್ರೆ ನಾನು ಕುಣಿಯೋದೇ ಬಿಟ್ಬಿಡ್ತೀನಿ.”

“ಯಾಕಮ್ಮಾ ಬಿಡ್ತೀಯ? ಅಂಥ ಪರಿಚಯ ಮಾಡ್ತೀನಿ ಅಂದ್ರೆ, ಆಮೇಲೆ ನೀನು ಕುಣಿದ್ರೂ ಒಂದೇ, ಕುಣೀದಿದ್ರೂ ಒಂದೇ” ಎಂದು ಮೂರ್ತಿ ಧೈರ್ಯ ತುಂಬಿದ.

ಉತ್ಸವದ ಹಿಂದಿನ ದಿನ ರಂಗಮಂದಿರದಲ್ಲಿ ರಿಹರ್ಸಲ್ ಇತ್ತು. ಮುನೀರ್ ಪಾಷಾನ ವ್ಯಾನಿನಲ್ಲಿ ಹೋದರು. ರಂಗಮಂದಿರದಲ್ಲಿ ಮೈಕಿದೆ ಎಂದರೂ ಕೇಳದೆ ಮೂರ್ತಿ ಮುನೀರನ ಮೈಕನ್ನೂ ಹೇರಿಸಿಕೊಂಡಿದ್ದ. ತನ್ನ ಕಂಠಕ್ಕೆ ಅದೊಂದೇ ಒಗ್ಗುತ್ತದಂತೆ. ಉತ್ಸವದ ಹೊಣೆ ಹೊತ್ತಿದ್ದ ಅಭಿಲಾಷ್ ಎಂಬ ಯುವ ಅಧ್ಯಾಪಕ ಬಹಳ ವಿನಯದಿಂದ ಅದನ್ನು ವ್ಯಾನಿಗೇ ವಾಪಸ್ ಕಳಿಸಿದರು.

ಬೆಳಕು, ಮೈಕು, ಪರದೆ ಮೂರನ್ನೂ ನೋಡಿಕೊಳ್ಳುತ್ತಿದ್ದವನು ಲಕ್ಕವಳ್ಳಿಯ ನಂಜುಂಡಪ್ಪ. ಸಭಾಂಗಣದ ಹಿಂದಿನ ಗಾಜಿನ ಕೋಣೆಯಿಂದ ಇಳಿದು ಬಂದು ಕೇಳಿದ:

“ಸಾರ್, ನೀವ್ ಮಾತು ಮುಗಿಸೋವಾಗ ಏನಂತೀರಿ? ಆ ಪದ ಹೇಳ್ಬಿಡಿ. ಅದು ಕಿವಿಗೆ ಬಿದ್ದೇಟ್ಗೆ ನಿಮ್ ಲೈಟ್ ಆರ್ಸಿ, ಮೈಕ್ ಕಟ್ ಮಾಡಿ, ಪರದೆ ಎತ್ಬಿಡ್ತೀನಿ.”

ಒಂದು ಇಡೀ ರಂಗಮಂದಿರ ತನ್ನ ಒಂದು ಪದಕ್ಕಾಗಿ ಕಾದು ನಿಲ್ಲುತ್ತದೆ ಎಂದು ಕೇಳಿ ಮೂರ್ತಿಯ ಎದೆ ಜುಬ್ಬಾದೊಳಗೆ ಎರಡು ಬೆರಳು ಮುಂದೆ ಬಂತು. ಕಣ್ಣು ಮುಚ್ಚಿ ಯೋಚಿಸಿದ. ತೆರೆದು ಹೇಳಿದ: “‘ಕೊನೆಯದಾಗಿ’.”

“ಆಮೇಲೆ ಏನಾದ್ರೂ ಬಾಕಿ ಇರುತ್ತಾ ಸಾರ್?”

“ಕೊನೆಯದಾಗಿ ಅಂದ್ಮೇಲೆ ಇನ್ನೇನಪ್ಪಾ ಬಾಕಿ? ಕನ್ನಡ ಬರುತ್ತೆ ತಾನೇ ನಿಂಗೆ?”

ಸುಳ್ಳು ಹೇಳಿದನೆಂದು ತಿಳಿಯಬೇಡಿ. ತಾನು ಯಾವಾಗಲೂ ಆ ಪದದಲ್ಲೇ ಮುಗಿಸುತ್ತೇನೆ ಎಂದು ಅವನು ನಿಜವಾಗಿಯೂ ನಂಬಿದ್ದ. ಲಕ್ಕವಳ್ಳಿಯವನು ಅವನ ಮಾತು ಕೇಳಿದವನಲ್ಲ. ತಲೆಯಾಡಿಸಿ ಗಾಜಿನ ಕೋಣೆಗೆ ಹೋದ. ಪಕ್ಕದಲ್ಲಿದ್ದ ಶರ್ವಾಣಿ ಮುನೀರ್ ಪಾಷಾನ ಮುಖ ನೋಡಿದಳು. ಮುನೀರ್ ಪಾಷಾ ಕೆಮ್ಮುತ್ತಾ, “ವ್ಯಾನ್ ಹೆಂಗೈತೋ ನೋಡ್ಕೊಂಡ್ ಬತ್ತೀನಿ” ಎಂದು ಹೊರಗೆ ಓಡಿದ. ಶರ್ವಾಣಿ ಹಿಂದೆಯೇ ಹೋದಾಗ ಅವನು ವ್ಯಾನಿನ ಹಿಂಬದಿ ಹೊಟ್ಟೆ ಹಿಡಿದುಕೊಂಡು ಕೂತಿದ್ದ.

“ಮುನೀರ್ ಅಂಕಲ್, ನಗ್ಬೇಡಿ. ಆ ಲೈಟಿನವ್ರಿಗೆ ನಿಜ ಹೇಳ್ಬಿಡ್ಲಾ?”

“ಏನಂತ ಹೇಳ್ತೀಯಮ್ಮಾ, ನಮ್ಮಪ್ಪ ಹೇಳಿದ್ ಮಾತು ನಂಬ್ಬೇಡಿ ಅಂತ್ಲಾ? ಹೆತ್ತೋರ ಮಾತು ಮೀರ್ಬಾರ್ದು ಕಣಮ್ಮ, ಪಾಪ ಬತ್ತದೆ.”

ಶರ್ವಾಣಿಗೂ ನಗು ಬಂತು. ಬಂದದ್ದು ಅರ್ಧಕ್ಕೇ ನಿಂತಿತು. “ಅಂಕಲ್, ಆ ಪದಕ್ಕೆ ಬರೋ ಹೊತ್ಗೇ ಅಪ್ಪನಿಗೆ ಅರ್ಧ ಗಂಟೆ ಬೇಕಲ್ಲಾ?”

ಮುನೀರ್ ಪಾಷಾನ ನಗುವೂ ನಿಂತಿತು.

ಮರುದಿನ ಸಂಜೆ ರಂಗಮಂದಿರ ತುಂಬಿತ್ತು. ವಿಶ್ವವಿದ್ಯಾಲಯದ ಸಭಿಕರು ಕಡೂರಿನವರ ಹಾಗೆ ಎದ್ದು ಹೋಗುವವರಲ್ಲ. ಬೇಸರವಾದರೆ ಮೊಬೈಲು ತೆಗೆದು ಮಡಿಲಲ್ಲಿ ಇಟ್ಟುಕೊಂಡು ತಲೆ ತಗ್ಗಿಸುತ್ತಾರೆ. ಸಾಲು ಸಾಲು ತಗ್ಗಿದ ತಲೆಗಳನ್ನು ಕಂಡ ಮೂರ್ತಿ, ಇಂಥ ಭಕ್ತಿಯನ್ನು ತಾನು ಮೂರು ಊರಿನಲ್ಲೂ ಕಂಡಿಲ್ಲವೆಂದು ಪುಳಕಗೊಂಡ. ರೇಷ್ಮೆ ಶಾಲನ್ನು ಎಡಗೈಯ ಮೇಲೆ ಇಳಿಬಿಟ್ಟು, ಮುಚ್ಚಿದ ಪರದೆಯ ಮುಂದೆ ಬೆಳಕಿನ ವೃತ್ತದಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

“ಸಹೃದಯ ಬಂಧುಗಳೇ, ನೃತ್ಯ ಎಂದರೇನು?”

ಪರದೆಯ ಹಿಂದೆ ಶರ್ವಾಣಿ ಕೈಜೋಡಿಸಿ ನಿಂತಿದ್ದಳು. ನಿಶ್ಚಿತಾ ಮಿಸ್ ತಾಳ ಹಿಡಿದು ಕೂತಿದ್ದರು. ಮೃದಂಗದವರು ಅನುಭವ ಇದ್ದವರು. ಆಗಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು.

ನೃತ್ಯ ಎಂದರೇನು ಎಂಬುದನ್ನು ಹೇಳಲು ಮೂರ್ತಿ ಬ್ರಹ್ಮಾಂಡದ ಸೃಷ್ಟಿಗೆ ಹೋದ. ಅಣುವಿನಲ್ಲೂ ನೃತ್ಯ ಕಂಡ, ಅಲೆಯಲ್ಲೂ ಕಂಡ, ಜೆರಾಕ್ಸ್ ಯಂತ್ರದೊಳಗೆ ಅತ್ತಿತ್ತ ಓಡಾಡುವ ಬೆಳಕಿನಲ್ಲೂ ಕಂಡ. ಮಗಳಲ್ಲಿ ಮಾತ್ರ ಇನ್ನೂ ಕಂಡಿರಲಿಲ್ಲ. ಅಲ್ಲಿಂದ ಇಳಿದು ಸಿಂಗಟಗೆರೆಗೆ ಬಂದ. “ಅದೊಂದು ಪುಟ್ಟ ಊರು. ಅಲ್ಲೊಬ್ಬ ಹುಡುಗ. ಆ ಹುಡುಗನ ಶಾಲೆಯಲ್ಲಿ ಒಂದು ದಿನ ಒಬ್ಬ ಮೇಷ್ಟರಿಗೆ ಗಂಟಲು ಕಟ್ಟಿತು...”

ಸಭಾಂಗಣದ ನಡುವೆ ಶಾರದಾಂಬಾ ಕೂತಿದ್ದಳು. ಹಿಂದಿನ ಸಾಲಿನಿಂದ ಮುನೀರ್ ಪಾಷಾ ಬಗ್ಗಿದ.

“ಅಮ್ಮಾವ್ರೇ, ಇನ್ನೂ ಸಿಂಗಟಗೆರೆಲೇ ಅವ್ರೆ.”

“ಅಲ್ಲಿಂದ ಅಜ್ಜಂಪುರಕ್ಕೆ ಬರ್ಬೇಕು, ಅಂಗಡಿ ಹಾಕ್ಬೇಕು, ನನ್ನ ಮದ್ವೆ ಆಗ್ಬೇಕು. ಆಮೇಲೆ ಹುಟ್ಟೋದು ಶರ್ವಾಣಿ” ಎಂದಳು ಶಾರದಾಂಬಾ. ಆಕೆಯ ಕೈ ಮಡಿಲಿನ ಚೀಲವನ್ನು ಹಿಂಡುತ್ತಿತ್ತು. “ಹುಟ್ಟೋ ಹೊತ್ಗೆ ಪರದೆ ಬಿದ್ದಿರುತ್ತೆ.”

“ಒಂದ್ ಮಾತು ಹೇಳ್ತೀನಿ ಕೇಳಿ.” ಮುನೀರ್ ನಂಜುಂಡಪ್ಪನ ವಿಷಯವನ್ನು ಪಿಸುದನಿಯಲ್ಲಿ ಹೇಳಿ ಮುಗಿಸಿದ. “‘ಕೊನೆಯದಾಗಿ’ ಅಂದ್ರೆ ಸಾಕು. ಅವ್ರ ಬಾಯಿಂದ ಆ ಪದ ಬೇಗ ಹೊರಡ್ಸೋದು ಹೆಂಗೆ ಅಂತ ಮೂರೂರಿಗೂ ಗೊತ್ತೈತೆ. ಯಾರಾದ್ರೂ ಚಪ್ಪಾಳೆ ತಟ್ಬೇಕು.”

“ತಟ್ಟು ಮತ್ತೆ.”

“ನಾನ್ ತಟ್ಟುದ್ರೆ ಸೌಂಡ್ ಟೆಸ್ಟ್ ಮಾಡ್ತಾವ್ನೆ ಅನ್ಕೊತಾರೆ. ನೀವ್ ತಟ್ಟಿ.”

“ನಾನಾ? ಅವ್ರಿಗಾ?” ಮದುವೆಯಾದಂದಿನಿಂದ ಆಕೆ ಆ ಕೆಲಸ ಮಾಡಿರಲಿಲ್ಲ. ಮಾಡುವುದಿಲ್ಲ ಎಂದು ಒಂದು ಸಲ ಮುಖಕ್ಕೇ ಹೇಳಿದ್ದಳು ಕೂಡ.

ವೇದಿಕೆಯ ಮೇಲೆ ಹುಡುಗ ಈಗಷ್ಟೇ ಹತ್ತನೇ ಕ್ಲಾಸು ಪಾಸಾಗುತ್ತಿದ್ದ. ಶಾರದಾಂಬಾ ಚೀಲವನ್ನು ಮುನೀರನ ಕೈಗೆ ಕೊಟ್ಟು, ಕಹಿ ಕಷಾಯ ಕುಡಿಯುವವಳ ಹಾಗೆ ಮುಖ ಮಾಡಿಕೊಂಡು, ಎರಡು ಕೈಯನ್ನೂ ಎತ್ತಿ ತಟ್ಟಿದಳು.

ಆ ನಿಶ್ಶಬ್ದದಲ್ಲಿ ಅದು ಪಟಾಕಿಯಂತೆ ಕೇಳಿಸಿತು. ಮೂರ್ತಿ ಗಕ್ಕನೆ ನಿಂತ. ಕಣ್ಣಿಗೆ ಕೈ ಮರೆಮಾಡಿ ಕತ್ತಲೆಯಲ್ಲಿ ಹುಡುಕಿದ. ಹೆಂಡತಿಯ ಕೈಗಳನ್ನು ಕಂಡ.

“ಬಂಧುಗಳೇ,” ಎಂದ. ದನಿ ನಿಜವಾಗಿಯೂ ಒಡೆದಿತ್ತು. “ಅಲ್ಲಿ ಕುಳಿತಿರುವ ನನ್ನ ಧರ್ಮಪತ್ನಿ... ಈ ಒಂದು ಸದ್ದಿಗಾಗಿ ನಾನು ಕಾದ ವರ್ಷಗಳೆಷ್ಟು! ನಮ್ಮ ವಿವಾಹವಾದದ್ದು ಬೀರೂರಿನಲ್ಲಿ. ಅಂದು ಮಳೆ...”

“ಹಾಳಾಗೋಯ್ತು, ಇನ್ನೊಂದು ಶುರುವಾಯ್ತು” ಎಂದ ಮುನೀರ್.

ಶಾರದಾಂಬಾ ಎದ್ದೇ ನಿಂತಳು. ಅಂಗಳಕ್ಕೆ ಬಂದ ಕೋತಿ ಓಡಿಸುವವಳಂತೆ ಜೋರಾಗಿ ತಟ್ಟತೊಡಗಿದಳು. ಮುನೀರ್ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಾನೂ ತಟ್ಟಿದ. ವಿದ್ಯಾರ್ಥಿಗಳು ಮೊಬೈಲಿನಿಂದ ತಲೆಯೆತ್ತಿದರು; ಯಾಕೆ, ಏನು ಎಂದು ಕೇಳುವ ವಯಸ್ಸಲ್ಲ ಅವರದು. ಅವರೂ ತಟ್ಟಿದರು, ಶಿಳ್ಳೆ ಹೊಡೆದರು. ರಂಗಮಂದಿರ ಗಡಗಡ ಎಂದಿತು. ಮೂರ್ತಿ ಕಣ್ಣು ಮುಚ್ಚಿದ, ಎದೆಗೆ ಕೈಯಿಟ್ಟ.

“ತಮ್ಮ ಈ ಅಭಿಮಾನಕ್ಕೆ ಶರಣು. ಕೊನೆಯದಾಗಿ...”

ಬೆಳಕು ಆರಿತು. ನಂಜುಂಡಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ. ಮೈಕು ಸತ್ತಿತು. ಪರದೆ ಸರಸರ ಮೇಲೇರಿತು. “ಪಾಷಾ! ಕರೆಂಟ್ ಹೋಯ್ತು ಕಣೋ!” ಎಂಬ ಕೂಗನ್ನು ಮೃದಂಗದ ಮೊದಲ ಪೆಟ್ಟು ನುಂಗಿಹಾಕಿತು. ಯಾರೋ ಸ್ವಯಂಸೇವಕ ಮೂರ್ತಿಯ ಮೊಣಕೈ ಹಿಡಿದು ಪಕ್ಕದ ಬಾಗಿಲಿನಿಂದ ಹೊರಕ್ಕೆ ಸಾಗಿಸಿದ.

ಶರ್ವಾಣಿ ಕುಣಿದಳು. ವರ್ಣದ ನಾಯಕಿ ತನ್ನ ಸ್ವಾಮಿಗಾಗಿ ಕಾಯುತ್ತಾಳೆ. ಬಾಗಿಲಿಗೆ ಬರುತ್ತಾಳೆ, ಒಳಗೆ ಹೋಗುತ್ತಾಳೆ, ಹೂ ಕಟ್ಟುತ್ತಾಳೆ, ಬಾಡಿತೆಂದು ಎಸೆಯುತ್ತಾಳೆ, ಹೋಗಿ ಕರೆದುಕೊಂಡು ಬಾರೇ ಎಂದು ಗೆಳತಿಯ ಕೈ ಹಿಡಿಯುತ್ತಾಳೆ. ಇಷ್ಟನ್ನೂ ಅವಳು ಕಡೂರಿನ ಪಾಠದ ಕೋಣೆಯಲ್ಲಿ ನೂರು ಸಲ ಮಾಡಿದ್ದಳು. ಆದರೆ ಕೊನೆಯ ಚರಣದವರೆಗೂ ಎದುರಿಗೆ ಜನ ಕೂತೇ ಇರುವುದನ್ನು ಅವಳು ಕಂಡಿದ್ದು ಇದೇ ಮೊದಲು. ಒಂದು ಮೊಬೈಲೂ ಬೆಳಗಲಿಲ್ಲ. ಯಾರೂ ಕುರ್ಚಿ ಎಳೆಯಲಿಲ್ಲ. ಕೊನೆಯ ಜತಿಯಲ್ಲಿ ಅವಳ ಪಾದ, ನಿಶ್ಚಿತಾ ಮಿಸ್‌ರ ತಾಳ, ಮೃದಂಗ ಮೂರೂ ಒಂದೇ ಪೆಟ್ಟಿಗೆ ಬಿದ್ದವು. ಪರದೆ ಆಮೇಲೆ ಬಿತ್ತು. ಶಾರದಾಂಬಾ ಚಪ್ಪಾಳೆ ತಟ್ಟಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

ಮೂರ್ತಿ ಅಷ್ಟೂ ಹೊತ್ತು ಎಲ್ಲಿದ್ದ? ಹೊರಗಿನ ಮೊಗಸಾಲೆಯಲ್ಲಿ ಒಬ್ಬ ವಾಚ್‌ಮನ್ ಸ್ಟೂಲಿನ ಮೇಲೆ ಕೂತಿದ್ದ. ಕೆಲಸದ ಮೇಲಿದ್ದವನು, ಎದ್ದು ಹೋಗುವಂತಿಲ್ಲ. ಸಭಾಂಗಣದ ಹಿಂಬಾಗಿಲು ತೆರೆದೇ ಇತ್ತು. ಮೂರ್ತಿ ಒಳಗೆ ಹೋಗಿ ಕೂರಬಹುದಿತ್ತು. “ಒಳಗೆ ಏನೋ ತಾಂತ್ರಿಕ ದೋಷ” ಎಂದ ಮೂರ್ತಿ, ಅವನ ಎದುರಿಗೆ ನಿಂತು. “ನಾನು ಎಲ್ಲಿಗೆ ನಿಲ್ಲಿಸಿದ್ದೆ? ಹ್ಞಾಂ, ಬೀರೂರು. ಮಳೆ.” ಮಳೆ ನಿಂತಿತು, ಮದುವೆಯಾಯಿತು, ಅಂಗಡಿಗೆ ಯಂತ್ರ ಬಂತು, ಬಿರುದು ಬಂತು. ಒಳಗೆ ವರ್ಣ ಮುಗಿದು ಚಪ್ಪಾಳೆ ಎದ್ದಾಗ ಮೂರ್ತಿ ಮಾತು ನಿಲ್ಲಿಸಿ ಆ ಕಡೆ ಕಿವಿ ಕೊಟ್ಟ. ಆಮೇಲೆ ವಾಚ್‌ಮನ್‌ಗೆ ಹೇಳಿದ: “ನೋಡಿದ್ಯಾ? ಇನ್ನೂ ನಿಂತಿಲ್ಲ.”

ಎಲ್ಲ ತಂಡಗಳೂ ಮುಗಿದ ಮೇಲೆ ಅಭಿಲಾಷ್ ಬಂದು, ಸಮಾರೋಪದ ಸಂಜೆಗೆ ಶರ್ವಾಣಿಯನ್ನು ಆರಿಸಿರುವುದಾಗಿ ಹೇಳಿದರು. “ನಿರೂಪಣೆ ಅವತ್ತು ನಮ್ಮ ವಿಭಾಗದವರೇ ಮಾಡ್ತಾರೆ ಸಾರ್. ಆದ್ರೂ ಹೇಳ್ಬೇಕು, ಹೇಳಿದ ಪದಕ್ಕೇ ಸರಿಯಾಗಿ ಮಾತು ಮುಗಿಸಿದವರು ಇವತ್ತು ನೀವೊಬ್ರೇ.” ಮೂರ್ತಿ ಶಾಲು ಸರಿಮಾಡಿಕೊಂಡು, “ಸಂಕ್ಷಿಪ್ತತೆಯೇ ನಿರೂಪಣೆಯ ಪ್ರಾಣ” ಎಂದು ಆರಂಭಿಸಿದ. ಅಭಿಲಾಷ್ ಸಂಕ್ಷಿಪ್ತತೆಯ ಬಗ್ಗೆ ಕೇಳುತ್ತಾ ನಿಂತಲ್ಲೇ ಎರಡು ಸಲ ಕಾಲು ಬದಲಿಸಿದರು.

ರಾತ್ರಿ ಬಹಳ ಹೊತ್ತಾದ ಮೇಲೆ ವ್ಯಾನು ಲಕ್ಕವಳ್ಳಿ ದಾಟಿ ತರೀಕೆರೆಯ ದಾರಿ ಹಿಡಿದಿತ್ತು. ಮುನೀರ್ ಪಾಷಾನ ಪಕ್ಕ ಮೂರ್ತಿ, ಹಿಂದೆ ತಾಯಿ, ಮಗಳು.

“ಶಾರದಾ, ನೀನು ಚಪ್ಪಾಳೆ ತಟ್ದೆ” ಎಂದ ಮೂರ್ತಿ. ಅವನ ಕಣ್ಣು ಇನ್ನೂ ಒದ್ದೆಯಾಗಿತ್ತು.

“ಹ್ಞೂಂ.”

“ಸಿಂಗಟಗೆರೆ ವಿಷಯ ಬಂದಾಗ ಅಲ್ವಾ? ಅಲ್ಲಿ ಎಂಥೋರಿಗೂ ಮನಸ್ಸು ಕರಗ್ಬಿಡುತ್ತೆ.”

“ಕರಗ್ತು” ಎಂದಳು ಶಾರದಾಂಬಾ, ಕಿಟಕಿಯ ಕಡೆ ತಿರುಗಿ.

ಶರ್ವಾಣಿಯ ಮುಖದಲ್ಲಿ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಾ ಕೇಳಿದಳು:

“ಅಪ್ಪಾ, ನೀವು ನೋಡಿದ್ರಾ?”

“ನೋಡ್ದೇ ಇರ್ತೀನೇನಮ್ಮಾ? ಬಾಗಿಲ ಹತ್ರನೇ ನಿಂತು ನೋಡ್ದೆ.”

“ಮಧ್ಯದಲ್ಲಿ ನನ್ನ ಬಲಗಾಲಿನ ಗೆಜ್ಜೆ ಬಿಚ್ಕೊಂಡು ಬಿದ್ದೋಯ್ತಲ್ಲಾ, ಜನಕ್ಕೆ ಗೊತ್ತಾಯ್ತಾ?”

ಗೆಜ್ಜೆ ಬಿಚ್ಚಿರಲಿಲ್ಲ, ಬಿದ್ದಿರಲಿಲ್ಲ. ಶಾರದಾಂಬಾ ಮಗಳ ಮುಖ ನೋಡಿದಳು. ಮುನೀರ್ ಪಾಷಾ ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, ಮತ್ತೆ ರಸ್ತೆ ನೋಡಿದ.

“ಜನಕ್ಕೆ ಗೊತ್ತಾಗ್ಲಿಲ್ಲ ಕಣಮ್ಮ” ಎಂದ ಮೂರ್ತಿ, ಪೂರ್ತಿ ಹಿಂದಕ್ಕೆ ತಿರುಗಿ ಕೂತು. “ನಂಗೆ ಗೊತ್ತಾಯ್ತು. ಹೆತ್ತ ತಂದೆ ಕಣ್ಣು ತಪ್ಪಿಸೋಕಾಗುತ್ತಾ? ಆದ್ರೆ ಏನ್ ನಿಭಾಯಿಸ್ದೆ ಅಂತೀನಿ! ಪಕ್ಕದಲ್ಲಿ ಒಬ್ರು ಅಧಿಕಾರಿಗಳಿದ್ರು, ಅವ್ರಿಗೆ ಹೇಳ್ದೆ: ನೋಡಿ, ಬರೀ ಒಂದೇ ಗೆಜ್ಜೆಲಿ ಎರಡು ಕಾಲಿನ ಸದ್ದು ತೆಗೀತಾ ಇದಾಳೆ ಅಂತ.”

ಶರ್ವಾಣಿ ನಗಲಿಲ್ಲ, ಅಳಲೂ ಇಲ್ಲ. ಮುಖ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟಳು.

“ಅಪ್ಪಾ, ಸಮಾರೋಪದ ದಿನ ನೀವು ಅಮ್ಮನ ಪಕ್ಕದ ಸೀಟಲ್ಲಿ ಕೂತ್ಕೋಬೇಕು.”

“ಆಗ್ಲಮ್ಮಾ.”

“ಪರದೆ ಎದ್ದಾಗಿಂದ ಬೀಳೋವರ್ಗೂ. ಎದ್ದು ಹೊರಗೆ ಹೋಗಂಗಿಲ್ಲ. ಯಾರ ಹತ್ರನೂ ಮಾತಾಡಂಗಿಲ್ಲ. ಬರೀ ನೋಡ್ಬೇಕು. ಇಲ್ದಿದ್ರೆ ಬರ್ಲೇಬೇಡಿ.”

ಅವಳ ದನಿಯಲ್ಲಿ ಏನಿತ್ತೋ, ಮೂರ್ತಿ ಮುಂದಕ್ಕೆ ತಿರುಗಿ ಕೂತ. ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಬಹುಶಃ ಹುಟ್ಟಿದ ಮೇಲೆ ಮೊದಲ ಸಲ ತುಟಿ ಬಿಗಿದು ಒಂದು ಮೈಲಿ ಪ್ರಯಾಣ ಮಾಡಿದ. ಶಾರದಾಂಬಾಗೂ ಅನುಮಾನ ಬಂದು, ಏನಾಯಿತೋ ಎಂದು ಮುಂದಕ್ಕೆ ಬಗ್ಗಿ ನೋಡಿದಳು.

“ಕೂತ್ಕೋತೀನಿ ಕಣಮ್ಮ” ಎಂದ ಕಡೆಗೆ. “ಖಂಡಿತ ಕೂತ್ಕೋತೀನಿ. ಮೊದ್ಲಿಂದ ಕೊನೇವರ್ಗೂ ನೋಡ್ತೀನಿ.”

ಆಮೇಲೆ ಮುನೀರ್ ಪಾಷಾನ ಕಡೆಗೆ ವಾಲಿ, ದನಿ ತಗ್ಗಿಸಿ ಕೇಳಿದ:

“ಪಾಷಾ, ಆ ಸೀಟಿನವರ್ಗೂ ಮೈಕಿನ ವೈರ್ ಬರುತ್ತೇನಯ್ಯಾ?”

“ಬರಲ್ಲ ಸಾರ್” ಎಂದ ಮುನೀರ್ ಪಾಷಾ.